ಪಾದರಸವಿಲ್ಲದೆ ಟೊರಿಚೆಲ್ಲಿಯ ಪ್ರಯೋಗ: ವಾಯುಭಾರವನ್ನು ನೀರಿನ ಕಂಬದಲ್ಲಿ ಅಳೆಯುವ ಸಮಗ್ರ ಮಾರ್ಗದರ್ಶಿ

ಶಾಲೆಯ ಪಠ್ಯಪುಸ್ತಕಗಳಲ್ಲಿ ಇಟಲಿಯ ವಿಜ್ಞಾನಿ ಎವಾಂಜೆಲಿಸ್ತಾ ಟೊರಿಚೆಲ್ಲಿಯ ಪ್ರಯೋಗ ಒಂದೇ ಚಿತ್ರದಲ್ಲಿ ಮುಗಿದುಹೋಗುತ್ತದೆ: ಪಾದರಸದ ಬೋಗುಣಿ, ಅದರಲ್ಲಿ ತಲೆಕೆಳಗಾಗಿ ನಿಂತ ಗಾಜಿನ ನಳಿಕೆ, ಪಕ್ಕದಲ್ಲಿ 76 ಸೆಂಟಿಮೀಟರ್ ಎಂದು ತೋರಿಸುವ ಬಾಣದ ಗುರುತು. ಆದರೆ 1644ರ ಜೂನ್ 11ರಂದು ಆತ ಫ್ಲಾರೆನ್ಸಿನಿಂದ ರೋಮಿನ ಗೆಳೆಯ ಮಿಕೆಲಾಂಜೆಲೊ ರಿಚ್ಚಿಗೆ ಬರೆದ ಪತ್ರದಲ್ಲಿ ನಳಿಕೆಗಳು ಎರಡಿವೆ, ಮತ್ತು ವಾದದ ಜೀವಾಳವಿರುವುದು ಪಠ್ಯಪುಸ್ತಕಗಳು ಕೈಬಿಟ್ಟ ಆ ಎರಡನೆಯ ನಳಿಕೆಯಲ್ಲಿ. ನಳಿಕೆಯ ಮೇಲ್ತುದಿಯಲ್ಲಿ ಖಾಲಿ ಜಾಗ ಉಂಟಾಗುತ್ತದೆ ಎಂಬುದನ್ನು ಆತನಿಗಿಂತ ಮೊದಲೇ ಕೆಲವರು ಕಂಡಿದ್ದರು. ದ್ರವವನ್ನು ಎತ್ತಿ ಹಿಡಿದಿರುವ ಬಲ ನಳಿಕೆಯ ಒಳಗಿಲ್ಲ, ಹೊರಗಿದೆ ಎಂದು ತರ್ಕದಿಂದ ತೋರಿಸಿಕೊಟ್ಟದ್ದು ಟೊರಿಚೆಲ್ಲಿಯ ಹೆಚ್ಚುಗಾರಿಕೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ನೀರಿನ ಕಂಬವನ್ನು ನಿಲ್ಲಿಸಿ ಅಳೆಯುವ ವಿಧಾನದ ಜೊತೆಗೆ, ಆ ತರ್ಕದ ಒಂದೊಂದು ಕೊಂಡಿಯನ್ನೂ ಕೈಯಾರೆ ಪರೀಕ್ಷಿಸುವ ಬಗೆಯನ್ನೂ ವಿವರಿಸಲಾಗಿದೆ. ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ಶಿಕ್ಷಕರು ಇಬ್ಬರು ಸಹಾಯಕರನ್ನು ಇಟ್ಟುಕೊಂಡು ಒಂದು ದಿನದಲ್ಲಿ ಇದರ ಹೆಚ್ಚಿನ ಭಾಗವನ್ನು ಮಾಡಬಹುದು.

ಪಾದರಸವನ್ನು ಬಳಸಬೇಡಿ. ಅದರ ಆವಿ ವಿಷಕಾರಿ. ಕೊಠಡಿಯ ನೆಲಕ್ಕೆ ಚೆಲ್ಲಿದರೆ ಸಂದುಗಳಲ್ಲಿ ಸೇರಿಕೊಂಡು ಬಹುಕಾಲ ಆವಿಯಾಗುತ್ತಲೇ ಇರುತ್ತದೆ. ನೀರಿನಲ್ಲಿ ಮಾಡುವ ಪ್ರಯೋಗ ಇತಿಹಾಸಕ್ಕೆ ದೂರವಾದದ್ದೂ ಅಲ್ಲ, ಏಕೆಂದರೆ ಈ ಕಥೆ ಶುರುವಾದದ್ದೇ ನೀರಿನಿಂದ.

ನೀರಿನಿಂದ ಪಾದರಸಕ್ಕೆ

1630ರಲ್ಲಿ ಜಿನೋವಾದ ಜೊವಾನ್ನಿ ಬಟ್ಟಿಸ್ತಾ ಬಾಲಿಯಾನಿ ಗೆಲಿಲಿಯೊಗೆ ಪತ್ರ ಬರೆದು, ಸುಮಾರು 21 ಮೀಟರ್ ಎತ್ತರದ ಗುಡ್ಡವೊಂದನ್ನು ದಾಟಿಸಲು ಹಾಕಿದ ಸೈಫನ್ ಕೊಳವೆಯಲ್ಲಿ (ನೀರನ್ನು ಎತ್ತರದ ಮೇಲಿಂದ ಹಾಯಿಸಿ ಆಚೆಯ ತಗ್ಗಿಗೆ ಇಳಿಸುವ ಬಾಗಿದ ಕೊಳವೆ) ನೀರು ಏಕೆ ಹರಿಯುವುದಿಲ್ಲ ಎಂದು ಕೇಳಿದ್ದ. ಹೀರುವ ಪಂಪುಗಳು 18 ಬ್ರಾಚ್ಚೊಗಿಂತ (ಬ್ರಾಚ್ಚೊ ಅಂದಿನ ಇಟಲಿಯ ಉದ್ದಳತೆ), ಎಂದರೆ ಸುಮಾರು 10.5 ಮೀಟರ್‌ಗಿಂತ, ಮೇಲಕ್ಕೆ ನೀರೆತ್ತಲಾರವು ಎಂಬ ಸಂಗತಿಯನ್ನು ಗೆಲಿಲಿಯೊ 1638ರಲ್ಲಿ ಅಚ್ಚಾದ ತನ್ನ ಕೊನೆಯ ಗ್ರಂಥದಲ್ಲಿ ದಾಖಲಿಸಿದ್ದಾನೆ. ಉದ್ದನೆಯ ಹಗ್ಗವನ್ನು ನೇತುಹಾಕಿದರೆ ಅದು ಒಂದು ಹಂತದಲ್ಲಿ ತನ್ನ ಭಾರಕ್ಕೆ ತಾನೇ ತುಂಡಾಗುವಂತೆ ನೀರಿನ ಕಂಬವೂ ತುಂಡಾಗುತ್ತದೆ ಎಂಬುದು ಅವನು ಕೊಟ್ಟ ಕಾರಣ. ಗಾಳಿಗೆ ತೂಕವಿದೆ ಎಂದು ಒಪ್ಪಿ, ಅದನ್ನು ತೂಗಿಯೂ ನೋಡಿದ್ದ ಮನುಷ್ಯ ಆ ತೂಕವನ್ನು ಇಲ್ಲಿಗೆ ತಂದು ಜೋಡಿಸಲಿಲ್ಲವೆಂಬುದು ಸೋಜಿಗದ ವಿಷಯ. ಆ ಗ್ರಂಥ ಬಂದ ಕೆಲವೇ ವರ್ಷಗಳಲ್ಲಿ ರೋಮಿನಲ್ಲಿ ಗಾಸ್ಪರೊ ಬೆರ್ತಿ ತನ್ನ ಮನೆಯ ಗೋಡೆಗೆ ಎತ್ತರದ ಸೀಸದ ಕೊಳವೆಯೊಂದನ್ನು ನಿಲ್ಲಿಸಿ, ಅದರ ಕೆಳತುದಿಯನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ, ಮೇಲಿನಿಂದ ನೀರು ತುಂಬಿ ಬಿಗಿಯಾಗಿ ಮುಚ್ಚಿ, ಕೆಳಗಿನ ನಲ್ಲಿಯನ್ನು ತಿರುಗಿಸಿದ. ನೀರು ಸ್ವಲ್ಪ ಇಳಿದು ನಿಂತುಬಿಟ್ಟಿತು.

ಗೆಲಿಲಿಯೊನ ಕೊನೆಯ ತಿಂಗಳುಗಳಲ್ಲಿ ಅವನ ಜೊತೆಗಿದ್ದು, 1642ರಲ್ಲಿ ಅವನು ತೀರಿಕೊಂಡ ಮೇಲೆ ಟಸ್ಕನಿಯ ಆಸ್ಥಾನದ ಗಣಿತಜ್ಞನ ಸ್ಥಾನಕ್ಕೆ ಬಂದ ಟೊರಿಚೆಲ್ಲಿ, ನೀರಿಗಿಂತ 13.6 ಪಟ್ಟು ಸಾಂದ್ರವಾದ ಪಾದರಸವನ್ನು ಆರಿಸಿಕೊಂಡದ್ದರಿಂದ ಮನೆಯೆತ್ತರದ ಸೀಸದ ಕೊಳವೆ ಎರಡು ಬ್ರಾಚ್ಚೊ ಉದ್ದದ, ಸುಮಾರು 117 ಸೆಂಟಿಮೀಟರಿನ, ಗಾಜಿನ ನಳಿಕೆಗೆ ಇಳಿಯಿತು. ಪ್ರಯೋಗವನ್ನು ಮಾಡಿದ ಕೈಗಳು ಅವನ ಕಿರಿಯ ಸಹೋದ್ಯೋಗಿ ವಿಂಚೆಂಜೊ ವಿವಿಯಾನಿಯವು. ಪಾದರಸ ಒಂದೂಕಾಲು ಬ್ರಾಚ್ಚೊ ಮತ್ತು ಮೇಲೊಂದು ಬೆರಳಿನಷ್ಟು ಎತ್ತರದಲ್ಲಿ ನಿಂತಿತು. ನಾವು ಈಗ ಮಾಡಹೊರಟಿರುವುದು ಬೆರ್ತಿಯ ಸಲಕರಣೆಯ ಮೇಲೆ ಟೊರಿಚೆಲ್ಲಿಯ ಪರೀಕ್ಷೆಗಳನ್ನು.

ಮೊದಲ ಹಂತ: ಜಾಗ ಮತ್ತು ಸಾಮಾನು

ಬಕೆಟ್ಟಿನ ನೀರಿನ ಮಟ್ಟದಿಂದ ಕೊಳವೆಯ ಮೇಲ್ತುದಿಗೆ ನೇರವಾಗಿ ಹನ್ನೊಂದು ಮೀಟರ್‌ಗೂ ಮಿಕ್ಕಿ ಎತ್ತರ ಸಿಗುವ ಜಾಗ ಬೇಕು. ನೆಲ ಅಂತಸ್ತಿನ ಮೇಲೆ ಮೂರು ಮಹಡಿಗಳಿರುವ ಕಟ್ಟಡದ ತಾರಸಿ ಸಾಮಾನ್ಯವಾಗಿ 12 ಮೀಟರ್ ಎತ್ತರದಲ್ಲಿರುತ್ತದೆ. ಮೆಟ್ಟಿಲುಗಳ ನಡುವಿನ ತೆರಪು ಎಲ್ಲಕ್ಕಿಂತ ಉತ್ತಮ, ಏಕೆಂದರೆ ಪ್ರತಿ ಮಹಡಿಯಲ್ಲೂ ನಿಂತು ನೀರಿನ ಮಟ್ಟವನ್ನು ಹತ್ತಿರದಿಂದ ನೋಡಬಹುದು. ಹೊರಗೋಡೆಯ ಬದಿಯಲ್ಲಿ ಮಾಡುವುದಾದರೆ ವಿದ್ಯುತ್ ತಂತಿಗಳು ಹತ್ತಿರದಲ್ಲೆಲ್ಲೂ ಇರಬಾರದು. ಹಗ್ಗ ಎಳೆಯುವ ಕೆಲಸ ದೊಡ್ಡವರದು. ಮಕ್ಕಳನ್ನು ಕೆಳಗೆ, ಬಕೆಟ್ಟಿನ ಬಳಿ ನಿಲ್ಲಿಸಬೇಕು, ಮತ್ತು ತಾರಸಿಯ ಅಂಚಿಗೆ ಯಾರೂ ಬಾಗಬಾರದು.

ಕೊಳವೆಗೆ, ನಡುವೆ ನೂಲಿನ ಹೆಣಿಗೆಯಿರುವ ದಪ್ಪ ಗೋಡೆಯ ಪಾರದರ್ಶಕ ಪಿವಿಸಿ ಹೋಸನ್ನು ಕೊಳ್ಳಿ. ಒಳವ್ಯಾಸ 10 ಅಥವಾ 12 ಮಿಲಿಮೀಟರ್, ಉದ್ದ 13 ಮೀಟರ್ ಇರಲಿ. ತೆಳು ಗೋಡೆಯ ಹೋಸು ಇಲ್ಲಿ ಕೆಲಸಕ್ಕೆ ಬಾರದು, ಮೇಲ್ತುದಿಯಲ್ಲಿ ಒಳಗಿನ ಒತ್ತಡ ಇಲ್ಲವಾದೊಡನೆ ಹೊರಗಿನ ಗಾಳಿ ಅದನ್ನು ಚಪ್ಪಟೆಯಾಗಿಸಿಬಿಡುತ್ತದೆ. ಎರಡೂ ತುದಿಗಳಿಗೆ ಒಂದೊಂದು ಬಾಲ್ ವಾಲ್ವನ್ನು ಹೋಸ್ ಕ್ಲಿಪ್ ಹಾಕಿ ಬಿಗಿಯಬೇಕು, ತಿರುಪು ಇರುವ ಕಡೆಯೆಲ್ಲ ಟೆಫ್ಲಾನ್ ಟೇಪ್ ಸುತ್ತಬೇಕು. ಕೆಳಗಿನ ವಾಲ್ವಿನ ಆಚೆಗೆ ಒಂದು ಗೇಣು ಹೋಸನ್ನು ಬಾಲದಂತೆ ಉಳಿಸಿಕೊಂಡು, ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವೊಂದಕ್ಕೆ ತೂತು ಕೊರೆದು ಆ ಬಾಲದ ಮೇಲೆ ಈಗಲೇ ತೂರಿಸಿಡಿ. ಅದೇ ಮುಚ್ಚಳದಲ್ಲಿ ಇನ್ನೊಂದು ಸಣ್ಣ ತೂತು ಮಾಡಿ ಸಲೈನ್ ನಳಿಕೆಯಂಥ ತೆಳು ನಳಿಕೆಯನ್ನು ಕೂರಿಸಿ, ಎರಡೂ ತೂತುಗಳ ಸುತ್ತ ಎಂ-ಸೀಲ್ ಮೆತ್ತಿ ಒಣಗಲು ಬಿಡಬೇಕು. ಇದು ಬೇಕಾಗುವುದು ಏಳನೆಯ ಹಂತದಲ್ಲಿ. ಇವಲ್ಲದೆ ಎರಡು ಬಕೆಟ್, ಹಗ್ಗ, ಉದ್ದನೆಯ ಅಳತೆ ಟೇಪು, ಥರ್ಮಾಮೀಟರ್ ಮತ್ತು ತಿಂಡಿಗೆ ಹಾಕುವ ಕೆಂಪು ಬಣ್ಣ ಇದ್ದರೆ ಸಾಕು.

ಎರಡನೆಯ ಹಂತ: ನೀರನ್ನು ಕುದಿಸಿ ತುಂಬುವುದು

ನಲ್ಲಿಯ ನೀರಿನಲ್ಲಿ ಗಾಳಿ ಕರಗಿರುತ್ತದೆ. ಒತ್ತಡ ಇಳಿದಾಗ ಅದು ಗುಳ್ಳೆಗಳಾಗಿ ಹೊರಬಂದು ಮೇಲಿನ ಖಾಲಿ ಜಾಗವನ್ನು ಸೇರುತ್ತದೆ. ಹಾಗಾಗಿ ಆರೇಳು ಲೀಟರ್ ನೀರನ್ನು ಹತ್ತು ನಿಮಿಷ ಕುದಿಸಿ, ಪಾತ್ರೆಯ ಬಾಯಿ ಮುಚ್ಚಿ, ಅಲುಗಿಸದೆ ತಣಿಯಲು ಬಿಡಬೇಕು. ತಣಿದ ಮೇಲೆ ಬಣ್ಣ ಹಾಕಿ ನಿಧಾನವಾಗಿ ಕಲಸಿ. ಮೇಲಿನಿಂದ ಧಾರೆಯಾಗಿ ಸುರಿದರೆ ಕುದಿಸಿದ್ದು ವ್ಯರ್ಥವಾಗುತ್ತದೆ.

ಈ ನೀರಿನ ಬಕೆಟ್ಟನ್ನು ಮೇಜಿನ ಮೇಲಿಟ್ಟು, ಹೋಸಿನ ಒಂದು ತುದಿಯನ್ನು ಅದರಲ್ಲಿ ಮುಳುಗಿಸಿ, ಇನ್ನೊಂದು ತುದಿಯನ್ನು ನೆಲದ ಮೇಲಿನ ಬಕೆಟ್ಟಿಗೆ ಇಳಿಬಿಟ್ಟು ಸೈಫನ್ ಮಾಡಿ. ಎರಡೂ ವಾಲ್ವುಗಳು ತೆರೆದಿರಬೇಕು. ನೀರು ಹರಿಯುತ್ತಿರುವಾಗ ಹೋಸಿನ ಸುರುಳಿಯನ್ನು ತಟ್ಟುತ್ತ, ಒಂದೊಂದೇ ಸುತ್ತನ್ನು ಎತ್ತಿ ಇಳಿಸುತ್ತ ಹೋದರೆ ಗೋಡೆಗೆ ಅಂಟಿದ ಗುಳ್ಳೆಗಳು ಬಿಟ್ಟುಕೊಂಡು ಹೊರಹೋಗುತ್ತವೆ. ಇಲ್ಲಿ ಆತುರಪಟ್ಟವರು ಮುಂದಿನ ಎಲ್ಲ ಹಂತಗಳಲ್ಲೂ ಬೆಲೆ ತೆರುತ್ತಾರೆ. ಒಂದು ಗುಳ್ಳೆಯೂ ಕಾಣದಾದ ಮೇಲೆ ಎರಡೂ ತುದಿಗಳನ್ನು ನೀರಿನೊಳಗೇ ಇಟ್ಟು ವಾಲ್ವುಗಳನ್ನು ಮುಚ್ಚಿ. ಮೇಲೆ ಹೋಗಬೇಕಾದ ತುದಿಯ ವಾಲ್ವಿನ ಹೊರಬಾಯಿಗೂ ನೀರು ತುಂಬಿ ಅದರ ಮೇಲೆ ಎಂಡ್ ಕ್ಯಾಪ್ ತಿರುಗಿಸಿಬಿಡುವುದು ಜಾಣತನ, ಏಕೆಂದರೆ ವಾಲ್ವು ಕೊಂಚ ಸೋರಿದರೂ ಆಗ ಒಳಹೋಗುವುದು ನೀರೇ ಹೊರತು ಗಾಳಿಯಲ್ಲ.

ಮೂರನೆಯ ಹಂತ: ಎತ್ತಿ ನಿಲ್ಲಿಸುವುದು

ಕೆಳತುದಿಯ ಬಾಲವನ್ನು ಅರ್ಧ ತುಂಬಿದ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಬಾಲದೊಳಗೆ ಗಾಳಿ ಉಳಿಯದಂತೆ ನೋಡಿಕೊಂಡು, ಮೇಲ್ತುದಿಗೆ ಹಗ್ಗ ಕಟ್ಟಿ ತಾರಸಿಯಿಂದ ನಿಧಾನವಾಗಿ ಎಳೆದು ಭದ್ರವಾಗಿ ಬಿಗಿಯಿರಿ. ವಾಲ್ವು ಕ್ಲಿಪ್ಪಿನಿಂದ ಜಾರದಂತೆ ಹಗ್ಗದ ಗಂಟು ಹೋಸಿನ ಮೇಲೆಯೇ ಬರಬೇಕು. ಈಗ ಬೆರ್ತಿ ಮಾಡಿದಂತೆ ಕೆಳಗಿನ ವಾಲ್ವನ್ನು ಸ್ವಲ್ಪ ಸ್ವಲ್ಪವಾಗಿ ತೆರೆಯಿರಿ. ಬಕೆಟ್ಟಿನ ನೀರು ಏರುತ್ತದೆ, ಹೋಸಿನ ತುದಿಯಲ್ಲಿ ಕೆಂಪು ನೀರು ಕೆಳಗಿಳಿಯುತ್ತದೆ, ಒಂದೆರಡು ಬಾರಿ ತೂಗಾಡಿ ನಿಲ್ಲುತ್ತದೆ.

ನಿಂತ ನೀರಿನ ಮೇಲ್ಮೈಯನ್ನು ಹತ್ತಿರದಿಂದ ನೋಡುವವರಿಗೆ ಅದು ಸಣ್ಣಗೆ ಕುದಿಯುತ್ತಿರುವುದು ಕಾಣುತ್ತದೆ. ಮುಟ್ಟಿದರೆ ಹೋಸು ತಣ್ಣಗೇ ಇರುತ್ತದೆ. ಒತ್ತಡ ಅಷ್ಟು ಇಳಿದಾಗ ನೀರು ಕೋಣೆಯ ಉಷ್ಣತೆಯಲ್ಲೇ ಕುದಿಯುತ್ತದೆ, ಉಳಿದಿದ್ದ ಗಾಳಿಯೂ ಗುಳ್ಳೆಗಳಾಗಿ ಬರುತ್ತದೆ. ಐದು ನಿಮಿಷ ಕಾದರೆ ಗಲಿಬಿಲಿ ಕಡಿಮೆಯಾಗುತ್ತದೆ.

ನಾಲ್ಕನೆಯ ಹಂತ: ಅಳೆಯುವುದು

ಅಳತೆ ಟೇಪನ್ನು ಹೋಸಿನೊಳಗಿನ ನೀರಿನ ಮಟ್ಟದಿಂದ ಬಕೆಟ್ಟಿನ ನೀರಿನ ಮಟ್ಟಕ್ಕೆ ನೇರವಾಗಿ ಇಳಿಬಿಡಬೇಕು. ಹೋಸಿನ ಉದ್ದಕ್ಕೂ ಅಳೆಯಬಾರದು, ಬಕೆಟ್ಟಿನ ತಳದಿಂದಲೂ ಅಳೆಯಬಾರದು. ಬೇಕಿದ್ದರೆ ಹೋಸಿನ ಮೇಲ್ಭಾಗವನ್ನು ಒಂದು ಬದಿಗೆ ಎಳೆದು ಓರೆಯಾಗಿಸಿ ನೋಡಿ: ಹೋಸಿನೊಳಗಿನ ನೀರಿನ ಉದ್ದ ಹೆಚ್ಚುತ್ತದೆ, ನೇರ ಎತ್ತರ ಅಷ್ಟೇ ಇರುತ್ತದೆ.

ಎಷ್ಟು ಬರಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಸೀಮೆಯ ಉಷ್ಣತೆಯಲ್ಲಿ ಒಂದು ಹೆಕ್ಟೋಪಾಸ್ಕಲ್ ಒತ್ತಡ ಸುಮಾರು 1.025 ಸೆಂಟಿಮೀಟರ್ ನೀರನ್ನು ಹೊತ್ತು ನಿಲ್ಲುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ಒತ್ತಡ 910 ಹೆಕ್ಟೋಪಾಸ್ಕಲ್ ಆಸುಪಾಸಿನಲ್ಲಿರುತ್ತದೆ. 911 ಎಂದಿಟ್ಟುಕೊಂಡರೆ 934 ಸೆಂಟಿಮೀಟರ್. ಇದರಲ್ಲಿ ಒಂದು ಭಾಗವನ್ನು ಕಳೆಯಬೇಕು, ಏಕೆಂದರೆ ಮೇಲಿನ ಖಾಲಿ ಜಾಗದಲ್ಲಿ ನೀರಾವಿ ತುಂಬಿಕೊಂಡು ಕೆಳಕ್ಕೆ ಒತ್ತುತ್ತಿರುತ್ತದೆ. ಆ ಆವಿಯ ಒತ್ತಡ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಸೆಂಟಿಮೀಟರ್ ನೀರಿಗೆ, 25 ಡಿಗ್ರಿಯಲ್ಲಿ 32ಕ್ಕೆ, 30 ಡಿಗ್ರಿಯಲ್ಲಿ 43ಕ್ಕೆ ಸಮ. ಹೀಗೆ 25 ಡಿಗ್ರಿಯ ದಿನ ಬೆಂಗಳೂರಿನಲ್ಲಿ ನಿರೀಕ್ಷಿಸಬೇಕಾದದ್ದು 902 ಸೆಂಟಿಮೀಟರ್. ಮಂಗಳೂರಿನ ಕಡಲತಡಿಯಲ್ಲಿ ಒತ್ತಡ 1008 ಹೆಕ್ಟೋಪಾಸ್ಕಲ್, ಉಷ್ಣತೆ 30 ಡಿಗ್ರಿ ಇದ್ದರೆ ಸುಮಾರು 990 ಸೆಂಟಿಮೀಟರ್ ಬರುತ್ತದೆ. ಪಾದರಸದಲ್ಲಾದರೂ ಬೆಂಗಳೂರಿನಲ್ಲಿ ಸಿಗುವುದು 68 ಸೆಂಟಿಮೀಟರ್ ಮಾತ್ರ. ಪ್ರಸ್ಥಭೂಮಿಯ ಊರುಗಳ ಮಕ್ಕಳು 76 ಎಂದು ಬಾಯಿಪಾಠ ಮಾಡುವುದು ಸಮುದ್ರಮಟ್ಟದ ಸಂಖ್ಯೆಯನ್ನು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹವಾಮಾನ ವರದಿಗಳಲ್ಲೂ ಹಲವು ಮೊಬೈಲ್ ಆ್ಯಪ್‌ಗಳಲ್ಲೂ ಕಾಣುವ ಒತ್ತಡ ಸಮುದ್ರಮಟ್ಟಕ್ಕೆ ಸರಿಹೊಂದಿಸಿದ್ದು, ಬೆಂಗಳೂರಿಗೂ ಅದು 1010ರ ಹತ್ತಿರವೇ ಇರುತ್ತದೆ. ನಿಮಗೆ ಬೇಕಾದದ್ದು ನೀವು ನಿಂತ ಜಾಗದ ಒತ್ತಡ. ವಾಯುಭಾರ ಸಂವೇದಕವಿರುವ ಫೋನಿನಲ್ಲಿ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಅದನ್ನು ನೇರವಾಗಿ ತೋರಿಸುತ್ತದೆ.

ಐದನೆಯ ಹಂತ: ಖಾಲಿ ಜಾಗ ನಿಜಕ್ಕೂ ಖಾಲಿಯೇ?

ಮೇಲಿನ ಜಾಗದಲ್ಲಿ ಏನೋ ಗಾಳಿ ಸೇರಿಕೊಂಡಿರಬೇಕು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಮತ್ತು ಆ ಸಂದೇಹ ನ್ಯಾಯವಾದದ್ದು. ಟೊರಿಚೆಲ್ಲಿ ಇದಕ್ಕೆ ಕೊಟ್ಟ ಉತ್ತರ ಸೊಗಸಾಗಿದೆ. ಬೋಗುಣಿಯಲ್ಲಿ ಪಾದರಸದ ಮೇಲೆ ನೀರು ಸುರಿದು, ನಳಿಕೆಯನ್ನು ನಿಧಾನವಾಗಿ ಮೇಲೆತ್ತಿ, ಅದರ ಬಾಯಿ ಪಾದರಸವನ್ನು ಬಿಟ್ಟು ನೀರಿನ ಪದರಕ್ಕೆ ಬಂದ ಕ್ಷಣದಲ್ಲಿ ಪಾದರಸವೆಲ್ಲ ಕೆಳಗೆ ಬಿದ್ದು, ನೀರು ಭಯಂಕರ ರಭಸದಿಂದ ಮೇಲೇರಿ ನಳಿಕೆಯನ್ನು ಪೂರ್ತಿ ತುಂಬಿಬಿಟ್ಟಿತೆಂದು ಅವನು ಬರೆಯುತ್ತಾನೆ. ಒಳಗೆ ಗಾಳಿಯಿದ್ದಿದ್ದರೆ ನೀರಿಗೆ ತುದಿ ಮುಟ್ಟಲು ಆಗುತ್ತಿರಲಿಲ್ಲ.

ನಮ್ಮ ಹೋಸಿನಲ್ಲಿ ಇದನ್ನು ಇನ್ನೂ ಸುಲಭವಾಗಿ ಮಾಡಬಹುದು. ಕೆಳಗಿನ ವಾಲ್ವನ್ನು ತೆರೆದೇ ಇಟ್ಟು, ಹಗ್ಗವನ್ನು ಸಡಿಲಿಸುತ್ತ ಮೇಲ್ತುದಿಯನ್ನು ನಿಧಾನವಾಗಿ ಇಳಿಸಿ. ಖಾಲಿ ಜಾಗ ಕುಗ್ಗುತ್ತ ಬಂದು, ನೀರು ತುದಿಯನ್ನು ಮುಟ್ಟುವ ಗಳಿಗೆಯಲ್ಲಿ ಟಕ್ಕೆಂಬ ಸದ್ದು ಕೇಳಿಸಿದರೆ ನಿಮ್ಮ ನಿರ್ವಾತ ಒಳ್ಳೆಯದಿತ್ತು ಎಂದರ್ಥ, ಏಕೆಂದರೆ ನಡುವೆ ಮೆತ್ತೆಯಾಗಿ ನಿಲ್ಲಲು ಗಾಳಿ ಇರಲಿಲ್ಲ. ಗಾಳಿ ಇದ್ದದ್ದಾದರೆ ಅದು ಗುಳ್ಳೆಯಾಗಿ ಉಳಿಯುತ್ತದೆ. ಮೇಲ್ತುದಿಯನ್ನು ಬಕೆಟ್ಟಿನ ನೀರಿನ ಮಟ್ಟಕ್ಕೇ ತಂದು ಆ ಗುಳ್ಳೆಯ ಉದ್ದವನ್ನು ಅಳೆದುಕೊಳ್ಳಿ. ಉದಾಹರಣೆಗೆ, ಮೇಲೆ ಖಾಲಿ ಜಾಗ 200 ಸೆಂಟಿಮೀಟರ್ ಇತ್ತು, ಕೆಳಗೆ ತಂದಾಗ ಗುಳ್ಳೆ ಒಂದೂವರೆ ಸೆಂಟಿಮೀಟರ್ ಉಳಿಯಿತು ಎನ್ನೋಣ. ಆ ಗಾಳಿ ಮೇಲಿದ್ದಾಗ 200 ಸೆಂಟಿಮೀಟರಿಗೆ ಹರಡಿಕೊಂಡಿತ್ತಾದ್ದರಿಂದ ಅದರ ಒತ್ತಡ ಹೊರಗಿನ ಒತ್ತಡದ 200ರಲ್ಲಿ ಒಂದೂವರೆ ಪಾಲು, ಎಂದರೆ 934 ಸೆಂಟಿಮೀಟರಿನಲ್ಲಿ ಸುಮಾರು 7. ನಾಲ್ಕನೆಯ ಹಂತದಲ್ಲಿ 902ರ ಬದಲು 895 ಬಂದಿದ್ದರೆ ಕಳೆದುಹೋದ 7 ಸೆಂಟಿಮೀಟರ್ ಎಲ್ಲಿ ಹೋಯಿತೆಂದು ಈಗ ತಿಳಿಯಿತು. ಗುಳ್ಳೆ ಮೂರು ಸೆಂಟಿಮೀಟರ್ ಮೀರಿದರೆ ಲೆಕ್ಕದಲ್ಲಿ ಸರಿಪಡಿಸಲು ಹೋಗದೆ ಕ್ಲಿಪ್ಪುಗಳನ್ನು ಬಿಗಿದು ಎರಡನೆಯ ಹಂತದಿಂದ ಮತ್ತೆ ಮಾಡುವುದೇ ಸರಿ.

ಆರನೆಯ ಹಂತ: ಎರಡನೆಯ ನಳಿಕೆ

ಇಲ್ಲಿಯವರೆಗೆ ಆದದ್ದನ್ನೆಲ್ಲ ಗಾಳಿಯ ಭಾರವನ್ನು ಒಪ್ಪದವರೂ ಒಪ್ಪಿಕೊಳ್ಳಬಹುದಿತ್ತು. ಪ್ರಕೃತಿಗೆ ನಿರ್ವಾತವನ್ನು ಕಂಡರಾಗದು, ಆದ್ದರಿಂದ ಮೇಲಿನ ಖಾಲಿ ಜಾಗ, ಅಥವಾ ಅಲ್ಲಿರುವ ಅತಿ ತೆಳುವಾದ ಯಾವುದೋ ಪದಾರ್ಥ, ದ್ರವವನ್ನು ಮೇಲಕ್ಕೆ ಎಳೆದು ಹಿಡಿದಿದೆ ಎಂಬ ಉತ್ತರ ಅವರ ಬಳಿ ಸಿದ್ಧವಾಗಿತ್ತು. ಕೇವಲ ಒಂದು ನಳಿಕೆಯ ಚಿತ್ರ ಈ ಉತ್ತರವನ್ನು ಅಲ್ಲಾಡಿಸಲಾರದು. ಟೊರಿಚೆಲ್ಲಿ ಪಕ್ಕದಲ್ಲೇ ಇನ್ನೊಂದು ನಳಿಕೆಯನ್ನಿಟ್ಟ. ಅದರ ಮುಚ್ಚಿದ ತುದಿಯಲ್ಲಿ ದೊಡ್ಡದೊಂದು ಗಾಜಿನ ಬುರುಡೆಯಿತ್ತು. ಎಳೆಯುವ ಶಕ್ತಿ ಒಳಗಿನ ಜಾಗಕ್ಕೆ ಸೇರಿದ್ದಾದರೆ, ಹೆಚ್ಚು ಜಾಗವಿರುವ ಬುರುಡೆಯ ನಳಿಕೆಯಲ್ಲಿ ಅದು ಹೆಚ್ಚಾಗಿರಬೇಕು, ಪಾದರಸ ಬೇರೆ ಎತ್ತರದಲ್ಲಿ ನಿಲ್ಲಬೇಕು. ಎರಡರಲ್ಲೂ ಪಾದರಸ ಒಂದೇ ಮಟ್ಟದಲ್ಲಿ ನಿಂತಿತು. ಬಲ ಒಳಗಿಲ್ಲ ಎಂಬುದಕ್ಕೆ ಇದು ಬಹುತೇಕ ಖಚಿತವಾದ ಸೂಚನೆ ಎಂದು ಅವನು ಬರೆದ. ‘ಬಹುತೇಕ’ ಎಂದು ಸೇರಿಸಿದ ಆ ಜಾಗ್ರತೆಯನ್ನು ತರಗತಿಯಲ್ಲಿ ಓದಿ ಹೇಳುವುದು ಒಳ್ಳೆಯದು.

ಇದನ್ನು ಮಾಡಲು ಇನ್ನೊಂದು ಹೋಸು ಬೇಕು, ಇಲ್ಲವೇ ಅದೇ ಹೋಸನ್ನು ಕೆಳಗಿಳಿಸಿ ಮಾರ್ಪಡಿಸಬೇಕು. ಮೇಲ್ತುದಿಗೂ ವಾಲ್ವಿಗೂ ನಡುವೆ ಅರ್ಧ ಮೀಟರ್ ಉದ್ದದ, ಒಂದು ಇಂಚಿನ ಗಟ್ಟಿ ಪಿವಿಸಿ ಪೈಪನ್ನು ರೆಡ್ಯೂಸರ್‌ಗಳ ಮೂಲಕ ಸೇರಿಸಿ ಅಂಟು ಹಾಕಿ, ಒಂದು ದಿನ ಒಣಗಲು ಬಿಡಿ. ಅಗಲವಾದ ಪ್ಲಾಸ್ಟಿಕ್ ಬಾಟಲಿಯನ್ನು ಬಳಸುವ ಆಸೆ ಬೇಡ, ಅದು ಕ್ಷಣದಲ್ಲಿ ನಜ್ಜುಗುಜ್ಜಾಗುತ್ತದೆ. ಗಾಜಿನ ಬಾಟಲಿಯನ್ನು ತಲೆಯ ಮೇಲೆ ತೂಗುಹಾಕುವುದು ಅಪಾಯ. ನೀರು ತುಂಬುವಾಗ ಈ ಪೈಪನ್ನು ನೆಟ್ಟಗೆ ಹಿಡಿದು, ನೀರು ಕೆಳಗಿನಿಂದ ಹೊಕ್ಕು ಮೇಲಿನಿಂದ ಹೊರಬರುವಂತೆ ನೋಡಿಕೊಂಡರೆ ಅದರ ಭುಜದಲ್ಲಿ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಪೈಪು ಪೂರ್ತಿಯಾಗಿ ಖಾಲಿಯಾಗಿ, ನೀರಿನ ಮಟ್ಟ ಅದರ ಕೆಳಗಿನ ಪಾರದರ್ಶಕ ಹೋಸಿಗೆ ಇಳಿದು ಬರುವಷ್ಟು ಎತ್ತರಕ್ಕೆ ಎಳೆಯಬೇಕು. ಪೈಪಿನ ಸುಮಾರು ಕಾಲು ಲೀಟರ್ ನೀರೂ ಬಕೆಟ್ಟಿಗೇ ಬರುವುದರಿಂದ ಅಲ್ಲಿ ಜಾಗವಿರಲಿ. ಖಾಲಿ ಜಾಗದ ಗಾತ್ರ ಎರಡು ಪಟ್ಟಿಗೂ ಮಿಕ್ಕಿ ಹೆಚ್ಚಿದೆ. ಅಳೆದು ನೋಡಿ: ಉಷ್ಣತೆ ಬದಲಾಗಿರದಿದ್ದರೆ, ಸೋರಿಕೆ ಇಲ್ಲದಿದ್ದರೆ, ಎತ್ತರ ಒಂದೆರಡು ಸೆಂಟಿಮೀಟರಿನೊಳಗೆ ಮೊದಲಿನಷ್ಟೇ ಬರುತ್ತದೆ.

ಏಳನೆಯ ಹಂತ: ರಿಚ್ಚಿಯ ಮುಚ್ಚಳ

ಪತ್ರ ತಲುಪಿದ ವಾರದಲ್ಲೇ, ಜೂನ್ 18ರಂದು, ರಿಚ್ಚಿ ಆಕ್ಷೇಪಗಳನ್ನು ಬರೆದು ಕಳುಹಿಸಿದ. ಅವುಗಳಲ್ಲಿ ಒಂದು ಇಂದಿನ ವಿದ್ಯಾರ್ಥಿಗಳಿಗೂ ಹೊಳೆಯುವಂಥದ್ದು: ಬೋಗುಣಿಯ ಮೇಲೆ ಗಾಳಿಯಾಡದಂತೆ ಮುಚ್ಚಳ ಹಾಕಿದರೆ, ಮೇಲಿನ ಇಡೀ ವಾಯುಮಂಡಲದ ತೂಕ ಆ ಮುಚ್ಚಳದ ಮೇಲೆ ಬೀಳುತ್ತದೆಯೇ ಹೊರತು ಪಾದರಸದ ಮೇಲೆ ಬೀಳುವುದಿಲ್ಲ, ಹಾಗಿದ್ದರೆ ಪಾದರಸ ಇಳಿದುಬಿಡಬೇಕಲ್ಲ? ಜೂನ್ 28ರ ಮರುಪತ್ರದಲ್ಲಿ ಟೊರಿಚೆಲ್ಲಿ ಉಣ್ಣೆಯ ಉದಾಹರಣೆ ಕೊಟ್ಟ. ಉದ್ದನೆಯ ಪಾತ್ರೆಯೊಂದರಲ್ಲಿ ಉಣ್ಣೆಯನ್ನು ತುಂಬಿ ಮೇಲಿನಿಂದ ಭಾರ ಹೇರಿದ್ದೇವೆ, ನಡುವೆ ಕಬ್ಬಿಣದ ತಗಡೊಂದನ್ನು ಅಡ್ಡವಾಗಿ ತೂರಿಸಿ ಕೆಳಗಿನ ಉಣ್ಣೆಯನ್ನು ಮೇಲಿನದರಿಂದ ಬೇರ್ಪಡಿಸಿದ್ದೇವೆ ಎನ್ನೋಣ. ಅಮುಕಿದ ಸ್ಥಿತಿಯಲ್ಲೇ ಸಿಕ್ಕಿಕೊಂಡ ಕೆಳಗಿನ ಉಣ್ಣೆ ತಳವನ್ನು ಮೊದಲಿನಷ್ಟೇ ಒತ್ತುತ್ತಿರುತ್ತದೆ. ಮುಚ್ಚಳದೊಳಗಿನ ಗಾಳಿಯೂ ಹಾಗೆಯೇ. ಆದರೆ ಆ ಗಾಳಿ ಹೊರಗಿನದಕ್ಕಿಂತ ತೆಳುವಾಗಿದ್ದರೆ ಪಾದರಸ ಅದಕ್ಕೆ ತಕ್ಕಂತೆ ಇಳಿಯುತ್ತದೆ ಎಂದೂ ಅವನು ಸೇರಿಸಿದ.

ನೀವು ಬಾಲದ ಮೇಲೆ ತೂರಿಸಿಟ್ಟ ಮುಚ್ಚಳ ಈಗ ಉಪಯೋಗಕ್ಕೆ ಬರುತ್ತದೆ. ಕೆಳಗಿನ ವಾಲ್ವನ್ನು ಮುಚ್ಚಿ, ಬಾಲದ ತುದಿಯನ್ನು ನೀರಿನೊಳಗೇ ಬೆರಳಿನಿಂದ ಒತ್ತಿ ಹಿಡಿದು, ಬಕೆಟ್ಟಿನಿಂದ ತೆಗೆದು ಅರ್ಧ ನೀರಿರುವ ಎರಡು ಲೀಟರಿನ ಬಾಟಲಿಗೆ ಇಳಿಸಿ, ಮುಚ್ಚಳ ತಿರುಗಿಸಿ, ವಾಲ್ವನ್ನು ತೆರೆಯಿರಿ. ತೆಳು ನಳಿಕೆ ತೆರೆದಿರುವಾಗ ಬಾಟಲಿಯ ಗಾಳಿ ಹೊರಗಿನ ಗಾಳಿಯೊಂದಿಗೆ ಸೇರಿಕೊಂಡೇ ಇರುತ್ತದೆ. ಮೇಲಿನ ಮಟ್ಟವನ್ನು ಗುರುತು ಹಾಕಿಸಿ, ತೆಳು ನಳಿಕೆಗೆ ಕ್ಲಿಪ್ ಹಾಕಿ ಮುಚ್ಚಿಬಿಡಿ. ಮೇಲಿನ ನೀರು ಮಿಸುಕುವುದಿಲ್ಲ. ರಿಚ್ಚಿಗೆ ಉತ್ತರ ಸಿಕ್ಕಿತು. ಈಗ ಬಾಟಲಿಯನ್ನು ಕೈಯಿಂದ ಅದುಮಿದರೆ ಒಂಬತ್ತು ಮೀಟರ್ ಮೇಲೆ ನಿಂತವರು ನೀರು ಏರಿತೆಂದು ಕೂಗುತ್ತಾರೆ. ಕ್ಲಿಪ್ ತೆಗೆದು ತೆಳು ನಳಿಕೆಯಿಂದ ಬಾಯಲ್ಲಿ ಗಾಳಿ ಎಳೆದುಕೊಂಡರೆ ನೀರು ಇಳಿಯುತ್ತದೆ. ಹತ್ತು ಸೆಂಟಿಮೀಟರ್ ಏರಿಳಿತಕ್ಕೆ ಹೆಚ್ಚುಕಡಿಮೆ ಹತ್ತು ಹೆಕ್ಟೋಪಾಸ್ಕಲ್ ಎಂದು ಲೆಕ್ಕ. 1660ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ತನ್ನ ವಾಯುಪಂಪಿನ ಗಾಜಿನ ಪಾತ್ರೆಯೊಳಗೆ ಪಾದರಸದ ನಳಿಕೆಯನ್ನು ನಿಲ್ಲಿಸಿ ಗಾಳಿ ತೆಗೆದಾಗ ಕಂಡದ್ದೂ ಇದನ್ನೇ, ಆದರೆ ಅವನಲ್ಲಿ ಪಾದರಸ ಹೆಚ್ಚುಕಡಿಮೆ ಬೋಗುಣಿಯ ಮಟ್ಟದವರೆಗೂ ಇಳಿದುಹೋಯಿತು. ನನಗೆ ಕೇಳಿದರೆ ಇಡೀ ಮಾರ್ಗದರ್ಶಿಯಲ್ಲಿ ಸಮಯ ಸಾಲದೆ ಒಂದೇ ಒಂದನ್ನು ತೋರಿಸಬೇಕಾದರೆ ತೋರಿಸಬೇಕಾದದ್ದು ಈ ಬಾಟಲಿಯನ್ನು.

ಎಂಟನೆಯ ಹಂತ: ಎತ್ತರಕ್ಕೆ ಹೋಗಿ ನೋಡುವುದು

ನಾವು ಗಾಳಿಯ ಸಮುದ್ರದ ತಳದಲ್ಲಿ ಮುಳುಗಿ ಬದುಕುತ್ತಿದ್ದೇವೆ ಎಂದು ಟೊರಿಚೆಲ್ಲಿ ಆ ಮೊದಲ ಪತ್ರದಲ್ಲೇ ಬರೆದಿದ್ದ. ಹಾಗಿದ್ದರೆ ತಳದಿಂದ ಮೇಲೆ ಹೋದಂತೆ ಒತ್ತಡ ಇಳಿಯಬೇಕು. ಇದನ್ನು ಪರೀಕ್ಷಿಸುವುದನ್ನು ನೋಡಲು ಅವನಿರಲಿಲ್ಲ. 1647ರ ಅಕ್ಟೋಬರ್‌ನಲ್ಲಿ, 39ನೆಯ ವಯಸ್ಸಿಗೆ, ಫ್ಲಾರೆನ್ಸಿನಲ್ಲಿ ತೀರಿಕೊಂಡ. ಮುಂದಿನ ವರ್ಷ ಸೆಪ್ಟೆಂಬರ್ 19ರಂದು ಫ್ರಾನ್ಸಿನಲ್ಲಿ ಗಣಿತಜ್ಞ ಬ್ಲೇಸ್ ಪ್ಯಾಸ್ಕಲನ ಕೋರಿಕೆಯಂತೆ ಅವನ ಭಾವ ಫ್ಲೋರಾನ್ ಪೆರಿಯೆ, ಕ್ಲೆರ್ಮೋನಿನ ಮಠದ ತೋಟದಲ್ಲಿ ಒಂದು ನಳಿಕೆಯನ್ನು ನಿಲ್ಲಿಸಿ, ಇನ್ನೊಂದನ್ನು ಪ್ವಿ ದ ಡೋಮ್ ಬೆಟ್ಟದ ನೆತ್ತಿಗೆ ಒಯ್ದ. ಕೆಳಗೆ ಸುಮಾರು 712 ಮಿಲಿಮೀಟರ್ ಇದ್ದ ಪಾದರಸ ಮೇಲೆ ಸುಮಾರು 627ರಲ್ಲಿ ನಿಂತಿತು. ಪೆರಿಯೆ ಅಲ್ಲಿ ಗುಡಿಯ ಒಳಗೆ, ಹೊರಗೆ, ಗಾಳಿಗೊಡ್ಡಿ, ಮಂಜಿನಲ್ಲಿ ಮತ್ತೆ ಮತ್ತೆ ಅಳೆದ. ಅದಕ್ಕಿಂತ ಮುಖ್ಯವಾಗಿ, ಕೆಳಗಿನ ನಳಿಕೆಯ ಬಳಿ ಒಬ್ಬ ಪಾದ್ರಿಯನ್ನು ದಿನವಿಡೀ ಕಾವಲಿಗೆ ಕೂರಿಸಿದ್ದ, ಮತ್ತು ಆ ನಳಿಕೆಯ ಮಟ್ಟ ಬದಲಾಗಲಿಲ್ಲ.

ಆ ಕಾವಲುಗಾರನೇ ಪ್ರಯೋಗದ ಬೆನ್ನೆಲುಬು. ಹೋಸನ್ನು ಬೆಟ್ಟಕ್ಕೆ ಹೊರುವ ಅಗತ್ಯವಿಲ್ಲ, ಸಂವೇದಕವಿರುವ ಎರಡು ಫೋನುಗಳು ಸಾಕು. ಚಾಮುಂಡಿ ಬೆಟ್ಟವಿರಲಿ, ನಿಮ್ಮೂರಿನ ಯಾವುದೇ ಗುಡ್ಡವಿರಲಿ, ಮೊದಲು ಬುಡದಲ್ಲಿ ಎರಡೂ ಫೋನುಗಳನ್ನು ಪಕ್ಕಪಕ್ಕದಲ್ಲಿಟ್ಟು ಅವುಗಳ ನಡುವಿನ ವ್ಯತ್ಯಾಸವನ್ನು ಬರೆದುಕೊಳ್ಳಿ. ಒಂದನ್ನು ಅಲ್ಲೇ ಒಬ್ಬರ ಬಳಿ ಬಿಟ್ಟು, ಹತ್ತು ನಿಮಿಷಕ್ಕೊಮ್ಮೆ ಬರೆದಿಡಲು ಹೇಳಿ ಮೇಲಕ್ಕೆ ಹತ್ತಿ. ಮೈಸೂರು ಸೀಮೆಯ ಎತ್ತರದಲ್ಲಿ ನೂರು ಮೀಟರ್ ಏರಿದರೆ ಸುಮಾರು 10 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಕಟ್ಟಡದ ಒಂದು ಮಹಡಿಗೇ 0.3ರಷ್ಟು ಇಳಿಯುವುದನ್ನು ಇಂದಿನ ಸಂವೇದಕಗಳು ಹಿಡಿಯುತ್ತವೆ, ಹಾಗಾಗಿ ಬೆಟ್ಟವಿಲ್ಲದ ಊರಿನವರು ಮೆಟ್ಟಿಲುಗಳ ಮೇಲೆಯೇ ಇದನ್ನು ಮಾಡಬಹುದು. ಪೆರಿಯೆ ಕೂಡ ಮರುದಿನ ಕ್ಲೆರ್ಮೋನಿನ ಚರ್ಚಿನ ಗೋಪುರ ಹತ್ತಿ ಅಳೆದಿದ್ದ.

ಒಂಬತ್ತನೆಯ ಹಂತ: ದಿನದ ಏರಿಳಿತ

ಹೋಸನ್ನು ಒಂದೆರಡು ದಿನ ಹಾಗೆಯೇ ನಿಲ್ಲಿಸಿಡುವ ಅವಕಾಶವಿದ್ದವರು ಗಂಟೆಗೊಮ್ಮೆ ಮಟ್ಟವನ್ನೂ ಹೋಸಿನ ಪಕ್ಕದ ಉಷ್ಣತೆಯನ್ನೂ ಬರೆದಿಡಬೇಕು. ಟೊರಿಚೆಲ್ಲಿ ತನ್ನ ಗುರಿಯೇ ಇದೆಂದು ಹೇಳಿಕೊಂಡಿದ್ದ: ಬರಿಯ ನಿರ್ವಾತವನ್ನು ಮಾಡಿ ತೋರಿಸುವುದಲ್ಲ, ಗಾಳಿ ಒಮ್ಮೆ ಭಾರವಾಗಿ ಒಮ್ಮೆ ಹಗುರವಾಗಿ ಬದಲಾಗುವುದನ್ನು ತೋರಿಸುವ ಉಪಕರಣವೊಂದನ್ನು ಕಟ್ಟುವುದು. ಆ ಉದ್ದೇಶ ಕೈಗೂಡಲಿಲ್ಲವೆಂದೂ, ಬಿಸಿ ಮತ್ತು ತಂಪಿಗೆ ಮಟ್ಟ ವಿಪರೀತವಾಗಿ ಬದಲಾಗುತ್ತಿದೆಯೆಂದೂ ಅದೇ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಮೇಲಿನ ಜಾಗದಲ್ಲಿ ಕೊಂಚ ಗಾಳಿಯೋ ತೇವವೋ ಉಳಿದಿದ್ದರೂ ಹಾಗಾಗುತ್ತದೆ.

ನಮ್ಮ ನೀರಿನ ಕಂಬದಲ್ಲಿ ಈ ತೊಡಕು ಇನ್ನೂ ದೊಡ್ಡದು. ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆರಡು ಬಾರಿ ನಿಯಮಿತವಾಗಿ ಏರಿಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಇಳಿತ ಸುಮಾರು 3 ಹೆಕ್ಟೋಪಾಸ್ಕಲ್, ನೀರಿನಲ್ಲಿ 3 ಸೆಂಟಿಮೀಟರ್. ಅದೇ ಹೊತ್ತಿನಲ್ಲಿ ಉಷ್ಣತೆ 25ರಿಂದ 30 ಡಿಗ್ರಿಗೆ ಏರಿದರೆ ಆವಿಯೊಂದೇ ಮಟ್ಟವನ್ನು 11 ಸೆಂಟಿಮೀಟರ್ ಕೆಳಗೆ ತಳ್ಳುತ್ತದೆ. ಸಂಜೆ ನೀರು 14 ಸೆಂಟಿಮೀಟರ್ ಇಳಿದದ್ದನ್ನು ಕಂಡು ಬಿರುಗಾಳಿ ಬರಲಿದೆಯೆಂದು ಹೇಳಿದರೆ ನಗೆಪಾಟಲಾಗುತ್ತದೆ. ಪ್ರತಿ ಅಳತೆಗೂ ಆ ಹೊತ್ತಿನ ಉಷ್ಣತೆಗೆ ತಕ್ಕ ಆವಿಯ ಪಾಲನ್ನು, ನಾಲ್ಕನೆಯ ಹಂತದಲ್ಲಿ ಕೊಟ್ಟ ಸಂಖ್ಯೆಗಳ ನಡುವೆ ಅಂದಾಜಿಸಿ, ಕೂಡಿಸಿ, ಬಂದ ಮೊತ್ತವನ್ನು 1.025ರಿಂದ ಭಾಗಿಸಿ ಗ್ರಾಫ್ ಹಾಳೆಯಲ್ಲಿ ಗುರುತಿಸಬೇಕು. ಅದರ ಮೇಲೆಯೇ ಬೇರೆ ಬಣ್ಣದಲ್ಲಿ ಫೋನಿನ ಅಳತೆಗಳನ್ನೂ ಗುರುತಿಸಿ. ಎರಡು ಗೆರೆಗಳು ಜೊತೆಯಾಗಿ ಸಾಗುವವರೆಗೆ ಹೋಸು ಸರಿಯಾಗಿದೆ. ನೀರಿನ ಗೆರೆ ದಿನದಿಂದ ದಿನಕ್ಕೆ ಒಂದೇ ಸಮನೆ ಕೆಳಗೆ ಸರಿಯುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಅಥವಾ ಬಕೆಟ್ಟಿನ ನೀರು ಹೊಸದಾಗಿ ಗಾಳಿಯನ್ನು ಕರಗಿಸಿಕೊಂಡು ಮೇಲಕ್ಕೆ ಒಯ್ಯುತ್ತಿದೆ. ಬಕೆಟ್ಟಿನ ನೀರಿನ ಮೇಲೆ ತೆಳುವಾಗಿ ಅಡುಗೆ ಎಣ್ಣೆಯನ್ನು ಹರಡಿದರೆ ಎರಡನೆಯದು ಬಹಳಮಟ್ಟಿಗೆ ಕಡಿಮೆಯಾಗುತ್ತದೆ.